ದುಭಾಷಿಯ ಷರಾ: ಸ್ಯಾಂಡಸ್ಕಿಯ ಮೆಥಡಿಸ್ಟ್ ಕೇಂದ್ರ ಮತ್ತು ಮಿಷನರಿ ಭಾಷಾಸೇವೆಯ ಪ್ರಶ್ನೆ

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಸಂಪಾದಕತ್ವದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಿತು. ಕನ್ನಡ ಪತ್ರಿಕೋದ್ಯಮದ ಚರಿತ್ರೆ ಆ ದಿನದಿಂದ ಆರಂಭವಾಗುತ್ತದೆಂದು ಹೇಳುವುದು ರೂಢಿ. ಅದೇ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಒಹಾಯೊ ರಾಜ್ಯದ ಅಪ್ಪರ್ ಸ್ಯಾಂಡಸ್ಕಿ ಎಂಬ ಸ್ಥಳದಿಂದ ವಯಾಂಡಾಟ್ ಎಂಬ ಮೂಲನಿವಾಸಿ ಬುಡಕಟ್ಟಿನ 650ಕ್ಕೂ ಹೆಚ್ಚು ಜನ ತಮ್ಮ ನೆಲವನ್ನು ಬಿಟ್ಟು ಪಶ್ಚಿಮಕ್ಕೆ ಹೊರಟರು. ಸರ್ಕಾರದೊಡನೆ ಆದ ಒಪ್ಪಂದದಂತೆ ಅವರು ತೆರವು ಮಾಡಿದ ಭೂಮಿ ಒಂದು ಲಕ್ಷ ಎಕರೆಗೂ ಮಿಕ್ಕಿದ್ದು. ಹಿಂದೆ ಉಳಿದದ್ದು ಅವರೇ ಪ್ರಾರ್ಥನೆ ಸಲ್ಲಿಸುತ್ತಿದ್ದ ಒಂದು ಕಲ್ಲಿನ ಚರ್ಚು, ಅದರ ಪಕ್ಕದ ಸ್ಮಶಾನ ಮತ್ತು ಒಂದು ಮಿಷನ್ ಶಾಲೆಯ ಹೊಲ.

ಈ ಎರಡು ಘಟನೆಗಳ ನಡುವೆ ಕಾರ್ಯಕಾರಣ ಸಂಬಂಧವಿಲ್ಲ. ಮಂಗಳೂರಿನದು ಬಾಸೆಲ್ ಮಿಷನ್. ಸ್ಯಾಂಡಸ್ಕಿಯದು ಅಮೆರಿಕದ ಮೆಥಡಿಸ್ಟ್ ಎಪಿಸ್ಕೊಪಲ್ ಚರ್ಚು. ಆದರೂ ಹತ್ತೊಂಬತ್ತನೆಯ ಶತಮಾನದ ಪ್ರಾಟೆಸ್ಟಂಟ್ ಮಿಷನ್ ಎಂಬ ಒಂದೇ ಚಾರಿತ್ರಿಕ ವಿದ್ಯಮಾನದ ಎರಡು ತುದಿಗಳಾಗಿ ಇವನ್ನು ಒಟ್ಟಿಗೆ ಇಟ್ಟು ನೋಡುವುದರಿಂದ ಕನ್ನಡದ ಮಿಷನರಿ ಅಧ್ಯಯನಗಳು ಪ್ರಶ್ನಿಸದೆ ಒಪ್ಪಿಕೊಂಡು ಬಂದಿರುವ ಒಂದು ಗ್ರಹಿಕೆಯನ್ನು ಮರುಪರಿಶೀಲಿಸಲು ಸಾಧ್ಯವಾಗುತ್ತದೆ. ಮಿಷನರಿಗಳು ಮತಪ್ರಚಾರಕ್ಕಾಗಿ ಬಂದರೂ ಭಾಷೆಗೆ ಸೇವೆ ಸಲ್ಲಿಸಿದರು ಎಂಬುದೇ ಆ ಗ್ರಹಿಕೆ. ಈ ವಾಕ್ಯ ಸಾಹಿತ್ಯ ಚರಿತ್ರೆಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ವಿಚಾರ ಸಂಕಿರಣಗಳ ಸ್ವಾಗತ ಭಾಷಣಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸಗಳೊಂದಿಗೆ ಮರಳಿ ಮರಳಿ ಬರುತ್ತದೆ. ರೀವ್, ಮೋಗ್ಲಿಂಗ್, ಕಿಟೆಲ್ ಅವರ ಕೆಲಸದ ಘನತೆಯನ್ನು ಅಲ್ಲಗಳೆಯುವವರು ಯಾರೂ ಇಲ್ಲ. ತೊಡಕು ಇರುವುದು ‘ಸೇವೆ’ ಎಂಬ ಪದದಲ್ಲಿ. ನಿಘಂಟು ವ್ಯಾಕರಣಗಳನ್ನು ರಚಿಸುವುದು ಮಿಷನ್ ಎಂಬ ಸಂಸ್ಥೆಯ ಸಹಜ ಗುಣವೆಂದೂ, ಅದು ಹೋದಲ್ಲೆಲ್ಲ ಸ್ಥಳೀಯ ಭಾಷೆಗೆ ಇಂಥ ಕೊಡುಗೆ ದೊರೆಯುತ್ತಿತ್ತೆಂದೂ ಆ ಪದ ಸೂಚಿಸುತ್ತದೆ. ಸ್ಯಾಂಡಸ್ಕಿಯ ಚರಿತ್ರೆ ಈ ಸೂಚನೆಯನ್ನು ಸಮರ್ಥಿಸುವುದಿಲ್ಲ.

ವಯಾಂಡಾಟರು ಹ್ಯೂರನ್ ಅಥವಾ ವೆಂಡಾಟ್ ಎಂದು ಹೆಸರಾದ ಜನಸಮೂಹದ ಸಂತತಿ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಇರೊಕ್ವಾ ಒಕ್ಕೂಟದ ದಾಳಿಗೆ ಸಿಕ್ಕಿ ಚದುರಿ, ಮಹಾಸರೋವರಗಳ ಸುತ್ತ ನೆಲೆ ಬದಲಿಸುತ್ತ, ಕೊನೆಗೆ ಡೆಟ್ರಾಯಿಟ್ ಮತ್ತು ಸ್ಯಾಂಡಸ್ಕಿ ನದಿಯ ಪ್ರದೇಶಗಳಲ್ಲಿ ನಿಂತವರು. 1817ರ ಫೋರ್ಟ್ ಮೀಗ್ಸ್ ಒಪ್ಪಂದ ಅವರಿಗೆ ಅಪ್ಪರ್ ಸ್ಯಾಂಡಸ್ಕಿಯಲ್ಲಿ ಹನ್ನೆರಡು ಮೈಲಿ ಉದ್ದ, ಹನ್ನೆರಡು ಮೈಲಿ ಅಗಲದ ಮೀಸಲು ಭೂಮಿಯನ್ನು ಉಳಿಸಿತು; ಉಳಿದದ್ದನ್ನು ಕಿತ್ತುಕೊಂಡಿತು ಎಂದೂ ಇದೇ ವಾಕ್ಯವನ್ನು ಓದಬಹುದು. ಇಲ್ಲಿ ‘ಫ್ರಾಂಟಿಯರ್’ ಎಂಬ ಅಮೆರಿಕದ ಪರಿಕಲ್ಪನೆಯನ್ನು ಕುರಿತು ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಇದನ್ನು ‘ಗಡಿನಾಡು’ ಎಂದು ಅನುವಾದಿಸುವುದುಂಟು. ಆದರೆ ಕಾಸರಗೋಡನ್ನೋ ಅಕ್ಕಲಕೋಟೆಯನ್ನೋ ನೆನೆದು ಗಡಿನಾಡು ಎನ್ನುವಾಗ ಮನಸ್ಸಿಗೆ ಬರುವುದು ಎರಡು ಭಾಷೆಗಳು ಕೂಡಿ ಬಾಳುವ, ವ್ಯಾಜ್ಯವಿದ್ದರೂ ನಿಂತಿರುವ ಒಂದು ನೆಲ. ಅಮೆರಿಕದ ಫ್ರಾಂಟಿಯರ್ ನಿಲ್ಲುವಂಥದಲ್ಲ. ಬಿಳಿಯ ವಲಸಿಗರ ನೇಗಿಲು ಮುಂದೆ ಸರಿದಂತೆಲ್ಲ ಅದೂ ಸರಿಯುತ್ತದೆ. ಅದರ ಆಚೆಗಿರುವವರು ಇನ್ನೂ ಆಚೆಗೆ ಹೋಗಬೇಕೆಂಬುದು ಅದರ ಒಳತರ್ಕ. ಆ ಚಲಿಸುವ ಗೆರೆಯ ಮೇಲೆ ಕಟ್ಟಿದ ಮಿಷನ್ ಕೇಂದ್ರವೂ ಬಳ್ಳಾರಿ, ಗುಬ್ಬಿ, ಮಂಗಳೂರುಗಳ ಮಿಷನ್ ಕೇಂದ್ರವೂ ಒಂದೇ ಬಗೆಯವಲ್ಲ.

ಸ್ಯಾಂಡಸ್ಕಿಯ ಮೊದಲ ಮೆಥಡಿಸ್ಟ್ ಪ್ರಚಾರಕ ಯಾವ ಸಂಸ್ಥೆಯೂ ಕಳುಹಿಸಿದವನಲ್ಲ, ಬಿಳಿಯನೂ ಅಲ್ಲ. ವರ್ಜೀನಿಯದ ಪೌಹಟನ್ ಕೌಂಟಿಯಲ್ಲಿ ಸ್ವತಂತ್ರನಾಗಿ ಹುಟ್ಟಿದ ಕರಿಯ ಜನಾಂಗದ ಜಾನ್ ಸ್ಟುವರ್ಟ್ ಒಹಾಯೊದ ಮರಿಯಟ್ಟಾಗೆ ಬಂದು, ಕುಡಿತಕ್ಕೆ ಬಿದ್ದು, ಬದುಕನ್ನು ಮುಗಿಸಿಕೊಳ್ಳುವ ಹಂತಕ್ಕೆ ಹೋಗಿ, ಮೆಥಡಿಸ್ಟರ ಸಭೆಯಲ್ಲಿ ಹೊಸ ಬದುಕನ್ನು ಕಂಡುಕೊಂಡನೆಂದು ಅವನ ಜೀವನಕಥನ ಹೇಳುತ್ತದೆ. ವಾಯವ್ಯ ದಿಕ್ಕಿನಿಂದ ತನ್ನನ್ನು ಕರೆಯುವ ದನಿಯೊಂದು ಕೇಳಿಸಿತೆಂದು ನಂಬಿ ನಡೆದ ಅವನು 1816ರ ನವೆಂಬರಿನಲ್ಲಿ ಅಪ್ಪರ್ ಸ್ಯಾಂಡಸ್ಕಿಯನ್ನು ತಲುಪಿದ. ಅವನಿಗೆ ವಯಾಂಡಾಟ್ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ಸರ್ಕಾರದ ಪ್ರತಿನಿಧಿಯ ಕೆಲಸದಲ್ಲಿದ್ದ ವಿಲಿಯಂ ವಾಕರ್ ಅವನನ್ನು ಮೊದಲು ಓಡಿಬಂದ ಗುಲಾಮನಿರಬಹುದೆಂದು ಶಂಕಿಸಿದ. ಬಳಿಕ ಆ ಊರಿನಲ್ಲೇ ಇದ್ದ ಜೊನಾಥನ್ ಪಾಯಿಂಟರ್ ಎಂಬಾತನ ಬಳಿಗೆ ಕಳುಹಿಸಿದ. ಪಾಯಿಂಟರ್ ಕೂಡ ಕರಿಯನೇ. ಬಾಲ್ಯದಲ್ಲಿ ವಯಾಂಡಾಟರಿಗೆ ಸೆರೆಸಿಕ್ಕಿ ಅವರ ನಡುವೆಯೇ ಬೆಳೆದು ಅವರ ಭಾಷೆಯನ್ನು ತನ್ನದಾಗಿಸಿಕೊಂಡಿದ್ದವನು.

ಈ ಭೇಟಿಯ ವಿವರಗಳು ಗಮನಾರ್ಹವಾಗಿವೆ. ಪಾಯಿಂಟರ್ ಆಗ ಒಂದು ನೃತ್ಯೋತ್ಸವಕ್ಕೆ ಹೊರಡುವ ಸಿದ್ಧತೆಯಲ್ಲಿದ್ದ. ಅವನಿಗೆ ಈ ಹೊಸಬನ ಕೆಲಸದಲ್ಲಿ ಆಸಕ್ತಿಯಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಓದಿದ ಬಿಳಿಯ ಪಾದ್ರಿಗಳಿಂದ ಆಗದ್ದು ನಿನ್ನಿಂದ ಆಗುವುದೇ ಎಂಬುದು ಅವನ ಧೋರಣೆ. ಒಲ್ಲದ ಮನಸ್ಸಿನಿಂದಲೇ ದುಭಾಷಿಯಾಗಲು ಒಪ್ಪಿದ. ಮರುದಿನ ಉಪದೇಶ ಕೇಳಲು ಬಂದದ್ದು ಒಬ್ಬ ಮುದುಕಿ; ಅದರ ಮರುದಿನ ಆಕೆಯ ಜೊತೆಗೆ ಒಬ್ಬ ವೃದ್ಧ ಮುಖಂಡ. ಕ್ರಮೇಣ ಜನ ಹೆಚ್ಚಿದರು. ಪಾಯಿಂಟರ್ ಸ್ಟುವರ್ಟನ ಮಾತನ್ನು ವಯಾಂಡಾಟ್ ಭಾಷೆಗೆ ತಿರುಗಿಸಿ ಹೇಳುವಾಗ ಕೊನೆಗೆ ತನ್ನದೊಂದು ಷರಾವನ್ನು ಸೇರಿಸುತ್ತಿದ್ದನಂತೆ: ಇದು ಅವನು ಹೇಳುವ ಮಾತು, ದಿಟವೋ ಸಟೆಯೋ ತಾನರಿಯೆ, ಹೇಳಿದ್ದನ್ನು ಹೇಳಿದ ಹಾಗೆ ಮುಟ್ಟಿಸುವುದಷ್ಟೇ ತನ್ನ ಕೆಲಸ ಎಂಬರ್ಥದ ಷರಾ.

ಮಿಷನ್ ಚರಿತ್ರೆಕಾರರು ಈ ಪ್ರಸಂಗವನ್ನು ವಿನೋದವೆಂಬಂತೆ ನಿರೂಪಿಸುತ್ತಾರೆ. ಆಮೇಲೆ ಪಾಯಿಂಟರನೂ ಮತಾಂತರಗೊಂಡದ್ದರಿಂದ ಅದೊಂದು ಸುಖಾಂತ ಕಥೆಯೂ ಆಗುತ್ತದೆ. ಆದರೆ ಅನುವಾದ ಅಧ್ಯಯನದ ದೃಷ್ಟಿಯಿಂದ ಇದಕ್ಕಿಂತ ಮೌಲಿಕವಾದ ಸಾಕ್ಷ್ಯ ವಿರಳ. ಮಿಷನರಿಯ ಮಾತು ಸ್ಥಳೀಯ ಭಾಷೆಯೊಳಗೆ ಪಾರದರ್ಶಕವಾಗಿ ಇಳಿಯಿತೆಂಬ ಭಾವನೆಯನ್ನು ಅನುವಾದಕನೇ ಸಭೆಯ ಎದುರು ಒಡೆಯುತ್ತಿದ್ದಾನೆ. ಮಾತಿನ ಹೊಣೆ ಯಾರದು, ನಂಬಿಕೆಯ ಹೊಣೆ ಯಾರದು ಎಂದು ಗೆರೆ ಎಳೆಯುತ್ತಿದ್ದಾನೆ. ಸ್ಟುವರ್ಟನಿಗೆ ಆ ಭಾಷೆ ತಿಳಿಯದ್ದರಿಂದ ತನ್ನ ಉಪದೇಶಕ್ಕೆ ಅಂಟಿಕೊಂಡು ಹೋಗುತ್ತಿದ್ದ ಈ ಬಾಲವನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ. ಉಪದೇಶಕನ ಅಧಿಕಾರ ಪೂರ್ತಿಯಾಗಿ ದುಭಾಷಿಯ ನಾಲಗೆಯ ಮೇಲೆ ನಿಂತಿತ್ತು.

ಇದೇ ಕಾಲದ ಇನ್ನೊಂದು ಪ್ರಸಂಗವೂ ಹೀಗೆಯೇ ಅರ್ಥಪೂರ್ಣವಾದದ್ದು. ವಯಾಂಡಾಟರಲ್ಲಿ ಹಲವರು ಹಿಂದಿನ ಜೆಸ್ವಿಟ್ ಪಾದ್ರಿಗಳ ಕಾಲದಿಂದ ಕ್ಯಾಥೊಲಿಕ್ ಪ್ರಭಾವದಲ್ಲಿದ್ದರು. ಸ್ಟುವರ್ಟನ ಕೈಯಲ್ಲಿರುವ ಬೈಬಲು ನಿಜವಾದ ಬೈಬಲಲ್ಲವೆಂದು ಅವರು ಆಕ್ಷೇಪಿಸಿದರು. ತೀರ್ಪು ನೀಡುವ ಹೊಣೆ ವಾಕರನ ಮೇಲೆ ಬಿತ್ತು. ನೆರೆದವರ ಎದುರು ಅವನು ಪುಸ್ತಕವನ್ನು ತೆರೆದು ಪರಿಶೀಲಿಸಿ, ಎರಡೂ ಬೈಬಲುಗಳಿಗೆ ಇರುವ ವ್ಯತ್ಯಾಸ ಒಂದು ಲ್ಯಾಟಿನಿನಲ್ಲೂ ಇನ್ನೊಂದು ಇಂಗ್ಲಿಷಿನಲ್ಲೂ ಇರುವುದಷ್ಟೇ ಎಂದು ಹೇಳಿದ. ಸ್ತೋತ್ರಗಳ ಪುಸ್ತಕದ ವಿಷಯಕ್ಕೆ, ಹಾಡು ಕಟ್ಟುವುದಕ್ಕೆ ಯಾರಿಗಾದರೂ ಅವಕಾಶವಿದೆಯೆಂದ. ಸಭೆ ಒಪ್ಪಿತು. ಲ್ಯಾಟಿನ್ ಮತ್ತು ಇಂಗ್ಲಿಷುಗಳ ನಡುವೆ ನಡೆದ ಈ ವಿಚಾರಣೆಯಲ್ಲಿ ವಯಾಂಡಾಟ್ ಭಾಷೆಯ ಪುಸ್ತಕವೊಂದು ಇರಬಹುದೆಂಬ ಸಾಧ್ಯತೆ ಯಾರಿಗೂ ಹೊಳೆದಂತಿಲ್ಲ. ಆ ಪುಸ್ತಕ ಬಿಳಿಯರಿಗಾಗಿ ಬಂದದ್ದು, ತಮಗೂ ಉದ್ದೇಶಿಸಿದ್ದರೆ ಮಹಾಚೇತನವು ಅದನ್ನು ತಮಗೂ ಕೊಡುತ್ತಿತ್ತು ಎಂದು ಕೆಲವು ಮುಖಂಡರು ಸ್ಟುವರ್ಟನೊಡನೆ ವಾದಿಸಿದ್ದುಂಟು. ಮತಧರ್ಮದ ಚರ್ಚೆಯೆಂದೇ ಇದನ್ನು ಈವರೆಗೆ ಓದಲಾಗಿದೆ. ಪುಸ್ತಕ ಯಾರ ಭಾಷೆಯಲ್ಲಿದೆಯೋ ಅದು ಅವರದು ಎಂಬ ಸರಳ ಭಾಷಿಕ ತರ್ಕವಾಗಿಯೂ ಇದನ್ನು ಓದಬಹುದು.

ಸ್ಟುವರ್ಟನ ಒಂಟಿ ಸಾಹಸ ಸಂಸ್ಥೆಯಾದದ್ದು ಬೇಗನೆ. 1819ರಲ್ಲಿ ಅವನಿಗೆ ಸ್ಥಳೀಯ ಉಪದೇಶಕನೆಂಬ ಪರವಾನಗಿ ದೊರೆಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಮೆಥಡಿಸ್ಟ್ ಎಪಿಸ್ಕೊಪಲ್ ಚರ್ಚಿನ ಮಿಷನರಿ ಸೊಸೈಟಿ ಸ್ಥಾಪನೆಯಾಯಿತು. ಅದಕ್ಕೆ ಪ್ರೇರಣೆಯಾದವುಗಳಲ್ಲಿ ಸ್ಯಾಂಡಸ್ಕಿಯ ಸುದ್ದಿ ಮುಖ್ಯವಾದದ್ದೆಂದು ಆ ಸಂಸ್ಥೆಯ ಚರಿತ್ರೆಯೇ ಹೇಳಿಕೊಳ್ಳುತ್ತದೆ. ಇಲ್ಲಿ ಕರ್ನಾಟಕಕ್ಕೆ ಒಂದು ನೇರವಾದ ಎಳೆ ಇದೆ. ಈ ಚರ್ಚಿನ ಕೆಲಸವೇ 1870ರ ದಶಕದಲ್ಲಿ ಬೆಂಗಳೂರನ್ನು ಮುಟ್ಟಿತು. 1890ರಲ್ಲಿ ಕೋಲಾರದ ಮಿಷನ್ನನ್ನು ವಹಿಸಿಕೊಂಡಿತು. ಬೀದರ್, ಗುಲ್ಬರ್ಗ ಪ್ರದೇಶಗಳಲ್ಲಿ ಬೆಳೆಯಿತು. 1904ರಲ್ಲಿ ಲಂಡನ್ ಮಿಷನ್ನಿನಿಂದ ಬೆಳಗಾವಿಯ ಕೇಂದ್ರವನ್ನು ಪಡೆದುಕೊಂಡಿತು. ಮೈಸೂರು ಸಂಸ್ಥಾನದ ವೆಸ್ಲಿಯನ್ನರು ಬ್ರಿಟನ್ನಿನಿಂದ ಬಂದ ಬೇರೆಯೇ ಸಂಸ್ಥೆಗೆ ಸೇರಿದವರು. ಎರಡನ್ನೂ ‘ಮೆಥಡಿಸ್ಟರು’ ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸಿಬಿಡುವ ಪ್ರಬಂಧಗಳು ಇರುವುದರಿಂದ ಈ ಸ್ಪಷ್ಟೀಕರಣ ಅಗತ್ಯವಾಯಿತು.

1821ರಲ್ಲಿ ಜೇಮ್ಸ್ ಬಿ. ಫಿನ್ಲೆ ಸ್ಯಾಂಡಸ್ಕಿಯಲ್ಲಿ ನೆಲೆಸಿ ಮಿಷನ್ ಶಾಲೆಯನ್ನು ಆರಂಭಿಸಿದ. ಆ ಕಾಲಕ್ಕೆ ಅಮೆರಿಕದ ಸಂಸತ್ತು 1819ರ ಶಾಸನದ ಮೂಲಕ ಮೂಲನಿವಾಸಿಗಳ ‘ನಾಗರಿಕೀಕರಣ’ಕ್ಕೆಂದು ವರ್ಷಕ್ಕೆ 10,000 ಡಾಲರುಗಳನ್ನು ತೆಗೆದಿರಿಸಿತ್ತು. ಬೇಸಾಯವನ್ನೂ ಓದು, ಬರಹ, ಲೆಕ್ಕಗಳನ್ನೂ ಕಲಿಸಬೇಕೆಂಬುದು ಶಾಸನದ ಆಶಯ. ಹಣ ಬಹುಪಾಲು ಹರಿದದ್ದು ಮಿಷನ್ ಶಾಲೆಗಳ ಮೂಲಕ. ಸ್ಯಾಂಡಸ್ಕಿಯಲ್ಲಿ ಗಂಡುಮಕ್ಕಳಿಗೆ ಹೊಲದ ಕೆಲಸ, ಹೆಣ್ಣುಮಕ್ಕಳಿಗೆ ನೂಲುವುದು ಹೊಲಿಯುವುದು, ಇಬ್ಬರಿಗೂ ಇಂಗ್ಲಿಷ್ ಅಕ್ಷರ. 1824ರಲ್ಲಿ ಸುಣ್ಣದ ಕಲ್ಲಿನ ಚರ್ಚನ್ನು ಕಟ್ಟಲು ಯುದ್ಧ ಇಲಾಖೆಯ ಮುಖ್ಯಸ್ಥ ಜಾನ್ ಸಿ. ಕಾಲ್ಹೂನನ ಅನುಮತಿಯಿಂದ ಸುಮಾರು 1,333 ಡಾಲರುಗಳ ಸರ್ಕಾರಿ ಹಣ ದೊರೆಯಿತು. ಮೂಲನಿವಾಸಿಗಳ ವ್ಯವಹಾರ ಯುದ್ಧ ಇಲಾಖೆಯ ಅಧೀನದಲ್ಲಿತ್ತು ಎಂಬ ಸಂಗತಿಯನ್ನು ಓದುಗರು ಹಾಗೆಯೇ ದಾಟಿ ಹೋಗಬಾರದು.

ಫಿನ್ಲೆಯನ್ನು ಖಳನನ್ನಾಗಿ ಚಿತ್ರಿಸುವುದು ಸುಲಭ, ಆದರೆ ನ್ಯಾಯವಲ್ಲ. ವಯಾಂಡಾಟ್ ಮುಖಂಡರ ವಾಗ್ಮಿತೆಯನ್ನು ಅವನು ಮನಸಾರೆ ಮೆಚ್ಚಿದವನು. ಬಿಟ್ವೀನ್ ದ ಲಾಗ್ಸ್, ಮೊನಂಕ್ಯೂ ಮೊದಲಾದವರ ಭಾಷಣಗಳನ್ನು 1840ರಲ್ಲಿ ಸಿನ್ಸಿನಾಟಿಯಲ್ಲಿ ಪ್ರಕಟವಾದ ತನ್ನ ಮಿಷನ್ ಚರಿತ್ರೆಯಲ್ಲಿ ವಿಸ್ತಾರವಾಗಿ ಕೊಟ್ಟಿದ್ದಾನೆ. ಕೊಟ್ಟಿರುವುದು ಇಂಗ್ಲಿಷಿನಲ್ಲಿ. ಭಾಷಣಕಾರರು ಆಡಿದ್ದು ವಯಾಂಡಾಟಿನಲ್ಲಿ. ನಡುವೆ ದುಭಾಷಿ ಇದ್ದಾನೆ, ಆದರೆ ಅಚ್ಚಾದ ಪುಟದಲ್ಲಿ ಅವನ ಕೈ ಎಲ್ಲಿ ಮುಗಿದು ಫಿನ್ಲೆಯ ಕೈ ಎಲ್ಲಿ ಆರಂಭವಾಗುತ್ತದೆಂದು ಬೇರ್ಪಡಿಸುವ ಗುರುತಿಲ್ಲ. ಇನ್ನು ಸ್ಟುವರ್ಟನ ಕಥೆ. ಸಂಸ್ಥೆ ಬಂದ ಮೇಲೆ ಅವನು ಅಂಚಿಗೆ ಸರಿದ. ಕರಿಯರದೇ ಆದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೊಪಲ್ ಚರ್ಚಿನ ಕಡೆಗೆ ಅವನು ಹೊರಳಿದ್ದನ್ನು ಫಿನ್ಲೆ ಯಾರದೋ ಪ್ರೇರಣೆಗೆ ಒಳಗಾದ ದೌರ್ಬಲ್ಯವೆಂಬಂತೆ ದಾಖಲಿಸುತ್ತಾನೆ. 1823ರ ಡಿಸೆಂಬರಿನಲ್ಲಿ ಸ್ಟುವರ್ಟ್ ತೀರಿಕೊಂಡ. ಯಾವ ಚರ್ಚಿನ ಸಂಬಂಧದಿಂದ ಅವನು ಕೊನೆಯಲ್ಲಿ ದೂರ ಸರಿದಿದ್ದನೋ ಅದೇ ಚರ್ಚು ಮುಂದೆ ಅವನನ್ನು ತನ್ನ ಮಿಷನ್ ಕಾರ್ಯದ ಆದಿಪುರುಷನೆಂದು ಸ್ಮರಿಸತೊಡಗಿತು.

1816ರಿಂದ 1843ರವರೆಗೆ ಇಪ್ಪತ್ತೇಳು ವರ್ಷ. ಒಂದು ಚರ್ಚು, ಒಂದು ಶಾಲೆ, ಹಲವು ಮತಾಂತರಿತ ಮುಖಂಡರು, ಸಮರ್ಥ ದುಭಾಷಿಗಳು, ಕ್ರಮವಾದ ವರದಿಗಳು. ಆದರೆ ಭಾಷಾಧ್ಯಯನಕ್ಕೆ ಒದಗಬಲ್ಲ ವಯಾಂಡಾಟ್ ವ್ಯಾಕರಣವೂ ನಿಘಂಟೂ ಈ ಕೇಂದ್ರದಿಂದ ಉಳಿದುಬಂದಿಲ್ಲ. ಇಂದು ಆ ಭಾಷೆಯನ್ನು ಅಭ್ಯಾಸ ಮಾಡುವವರು ಎರಡು ಆಕರಗಳನ್ನು ಅವಲಂಬಿಸುತ್ತಾರೆ. ಒಂದು, ಮೆಥಡಿಸ್ಟರಿಗಿಂತ ಎರಡು ಮೂರು ತಲೆಮಾರು ಹಿಂದೆ, 1740ರ ದಶಕದಿಂದ ಡೆಟ್ರಾಯಿಟಿನ ಬಳಿ ಕೆಲಸ ಮಾಡಿದ ಜೆಸ್ವಿಟ್ ಪಾದ್ರಿ ಪಿಯರ್ ಪೋಟಿಯೆಯ ಹಸ್ತಪ್ರತಿಗಳು. ಇನ್ನೊಂದು, ಕೆನಡಾದ ಜಾನಪದ ವಿದ್ವಾಂಸ ಮಾರಿಯಸ್ ಬಾರ್ಬೊ 1911-12ರಲ್ಲಿ ಮುಖ್ಯವಾಗಿ ಒಕ್ಲಹಾಮಾದಲ್ಲಿ ಉಳಿದಿದ್ದ ಮಾತುಗಾರರಿಂದ ಬರೆದುಕೊಂಡ ಕಥನಗಳು, ಮೇಣದ ಉರುಳೆಗಳ ಮೇಲೆ ಮುದ್ರಿಸಿಕೊಂಡ ಹಾಡುಗಳು. ಕ್ರೇಗ್ ಕೊಪ್ರಿಸ್ 2001ರಲ್ಲಿ ಸಿದ್ಧಪಡಿಸಿದ ವಯಾಂಡಾಟ್ ವ್ಯಾಕರಣ ಮತ್ತು ನಿಘಂಟು ಬಾರ್ಬೊನ ಸಾಮಗ್ರಿಯನ್ನೇ ಆಧರಿಸಿದ್ದು. ಸ್ಯಾಂಡಸ್ಕಿಯ ಇಪ್ಪತ್ತೇಳು ವರ್ಷಗಳು ಈ ಎರಡರ ನಡುವಿನ ಖಾಲಿ ಜಾಗ.

ಇದೇ ಅವಧಿಯನ್ನು ಕನ್ನಡದ ಪಕ್ಕದಲ್ಲಿಟ್ಟು ನೋಡಬಹುದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. 1830ರ ದಶಕದ ಆರಂಭದ ಹೊತ್ತಿಗೆ ಬೈಬಲಿನ ಕನ್ನಡ ಅನುವಾದ ಪೂರ್ಣಗೊಂಡಿತ್ತು. ವಿಲಿಯಂ ರೀವ್‌ನ ಇಂಗ್ಲಿಷ್-ಕನ್ನಡ ನಿಘಂಟು 1824ರದು, ಅಂದರೆ ಸ್ಯಾಂಡಸ್ಕಿಯಲ್ಲಿ ಕಲ್ಲಿನ ಚರ್ಚು ಎದ್ದ ವರ್ಷದ್ದು. ಕನ್ನಡ-ಇಂಗ್ಲಿಷ್ ನಿಘಂಟು 1832ರದು. ಅದನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ ಹೊರತಂದವನು ಮೆಥಡಿಸ್ಟನಾದ ಡೇನಿಯಲ್ ಸ್ಯಾಂಡರ್ಸನ್. ಸಂಸ್ಥೆ ಬೇರೆಯಾದರೂ ಧರ್ಮಪಂಥ ಒಂದೇ, ಮತಪ್ರಚಾರದ ಉತ್ಸಾಹ ಒಂದೇ. ಒಂದು ಕಡೆ ನಿಘಂಟು, ಇನ್ನೊಂದು ಕಡೆ ಮೌನ. ಹೀಗಿರುವಾಗ ಕಾರಣವನ್ನು ಮಿಷನರಿಗಳ ಸ್ವಭಾವದಲ್ಲಿ ಹುಡುಕುವುದು ವ್ಯರ್ಥ. ಅವರು ಎದುರಾದ ಸಮಾಜಗಳಲ್ಲಿ ಹುಡುಕಬೇಕು.

ಕನ್ನಡ ಸಮಾಜ ಮಿಷನರಿಯನ್ನು ಎದುರುಗೊಂಡದ್ದು ಓಲೆಗರಿ ಮತ್ತು ಕಡತಗಳೊಡನೆ. ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ ಕೈಗೆ ಸಿಗುವಂತಿತ್ತು. 1872ರಲ್ಲಿ ಕಿಟೆಲ್ ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು ಹೊಸದಾಗಿ ಕಂಡುಹಿಡಿದ ವ್ಯಾಕರಣವನ್ನಲ್ಲ, ಪರಂಪರೆಯಲ್ಲಿ ನಿರಂತರವಾಗಿ ಓದಿಸಿಕೊಂಡು ಬಂದಿದ್ದ ವ್ಯಾಕರಣವನ್ನು. ಕಂಪನಿ ಸರ್ಕಾರಕ್ಕೆ ಕಂದಾಯದ ಲೆಕ್ಕವನ್ನು, ನ್ಯಾಯಾಲಯದ ಕಾಗದಗಳನ್ನು ಓದಬಲ್ಲ ಅಧಿಕಾರಿಗಳು ಬೇಕಾಗಿದ್ದರು. 1820ರ ಮೆಕೆರಲ್‌ನ ವ್ಯಾಕರಣ ಮಿಷನರಿಯದಲ್ಲ, ಕಂಪನಿಯ ನೌಕರನದು. 1838ರಲ್ಲಿ ಕೃಷ್ಣಮಾಚಾರ್ಯರು ‘ಹೊಸಗನ್ನಡ ನುಡಿಗನ್ನಡಿ’ಯನ್ನು ಪ್ರಕಟಿಸಿದಾಗ ಅವರು ಯಾವ ಪಾದ್ರಿಯ ನೆರಳಿನಲ್ಲೂ ಇರಲಿಲ್ಲ. ಇಂಥ ವಾತಾವರಣದಲ್ಲಿ ಮಿಷನರಿ ಭಾಷೆಯನ್ನು ಕಲಿಯದೆ ಒಂದು ಕರಪತ್ರವನ್ನೂ ಹಂಚುವಂತಿರಲಿಲ್ಲ. ತಪ್ಪು ಬರೆದರೆ ನಗುವ ಪಂಡಿತರಿದ್ದರು. ವಯಾಂಡಾಟರಲ್ಲೂ ತಪ್ಪಾಡಿದರೆ ನಗುವವರು ಇದ್ದಿರಬೇಕು. ಆದರೆ ಅವರ ನಗೆಯಿಂದ ಒಂದು ಪುಸ್ತಕ ತಿದ್ದಿಸಿಕೊಳ್ಳಬೇಕಾದ ಪ್ರಮೇಯ ಫಿನ್ಲೆಗೆ ಒದಗಲಿಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಮೊದಲನೆಯದು ತುಳುವಿನದು. ವಿಪುಲವಾದ ಲಿಖಿತ ಸಾಹಿತ್ಯ ಬಳಕೆಯಲ್ಲಿರದ, ಆಡಳಿತದಲ್ಲಿ ಸ್ಥಾನವಿಲ್ಲದ ತುಳುವಿಗೂ ಬಾಸೆಲ್ ಮಿಷನ್ 1872ರಲ್ಲಿ ಬ್ರಿಗೆಲ್‌ನ ವ್ಯಾಕರಣವನ್ನೂ 1886ರಲ್ಲಿ ಮ್ಯಾನರ್‌ನ ನಿಘಂಟನ್ನೂ ಕೊಟ್ಟಿತಲ್ಲ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ತುಳುವರಲ್ಲಿ ಕನ್ನಡ ಓದು ಬರಹ ಬಲ್ಲವರಿದ್ದರು. ತುಳುವನ್ನು ಅಚ್ಚು ಹಾಕಲು ಕನ್ನಡ ಲಿಪಿ ಸಿದ್ಧವಾಗಿತ್ತು. ಅದಕ್ಕಿಂತ ಮುಖ್ಯವಾಗಿ, ತುಳುವರು ನಾಳೆ ತುಳುನಾಡಿನಲ್ಲಿ ಇರುವುದಿಲ್ಲವೆಂದು ಯಾರೂ ಎಣಿಸಿರಲಿಲ್ಲ. ಬಾಸೆಲ್ ಮಿಷನ್ ಅಲ್ಲಿ ಹಂಚಿನ ಕಾರ್ಖಾನೆಗಳನ್ನು ಕಟ್ಟಿತು. ಹಂಚಿನ ಕಾರ್ಖಾನೆ ಕಟ್ಟುವವರು ಜನ ಉಳಿಯುತ್ತಾರೆಂಬ ಲೆಕ್ಕದ ಮೇಲೆಯೇ ಕಟ್ಟುತ್ತಾರೆ.

ಎರಡನೆಯ ಆಕ್ಷೇಪ ಅಮೆರಿಕದಿಂದಲೇ ಬರುತ್ತದೆ. ಚೆರೊಕಿ ಭಾಷೆಗೆ ಲಿಪಿಯೂ ಪತ್ರಿಕೆಯೂ ಇದ್ದವು. ಮೇಲಣ ಕೆನಡಾದಲ್ಲಿ ಒಜಿಬ್ವೆ ಭಾಷೆಗೆ ಮೆಥಡಿಸ್ಟರೇ ಅನುವಾದಗಳನ್ನು ಒದಗಿಸಿದರು. ಆದರೆ ಚೆರೊಕಿ ಅಕ್ಷರಮಾಲೆಯನ್ನು 1821ರ ಹೊತ್ತಿಗೆ ರೂಪಿಸಿದವನು ಇಂಗ್ಲಿಷ್ ಓದಲು ಬಾರದ ಸೆಕ್ವೊಯಾ ಎಂಬ ಚೆರೊಕಿ. 1828ರಲ್ಲಿ ಆರಂಭವಾದ ‘ಚೆರೊಕಿ ಫೀನಿಕ್ಸ್’ ಪತ್ರಿಕೆಯ ಬೆನ್ನಿಗೆ ಮಿಷನರಿ ಸ್ಯಾಮ್ಯುಯಲ್ ವೂಸ್ಟರ್ ನಿಂತದ್ದು ಆ ನಂತರದ ಮಾತು. ಒಜಿಬ್ವೆ ಅನುವಾದಕ ಪೀಟರ್ ಜೋನ್ಸ್ ಒಜಿಬ್ವೆ ತಾಯಿಯ ಮಗ, ಆ ಭಾಷೆಯಲ್ಲೇ ಬೆಳೆದವನು. ಎಂದರೆ ಲೇಖನಿ ಭಾಷಿಕನ ಕೈಯಲ್ಲಿದ್ದಾಗ ಮಿಷನ್ನಿನ ಮುದ್ರಣಯಂತ್ರ ಅದನ್ನು ಹಿಂಬಾಲಿಸಿತು. ಈ ನಿದರ್ಶನಗಳು ವಾದವನ್ನು ಕೆಡಿಸುವ ಬದಲು ಗಟ್ಟಿ ಮಾಡುತ್ತವೆ. ಹಾಗೆಂದು ಲೇಖನಿ ನೆಲವನ್ನು ಉಳಿಸಿಕೊಡಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಲಿಪಿ, ಪತ್ರಿಕೆ, ಸಂವಿಧಾನಗಳೆಲ್ಲ ಇದ್ದ ಚೆರೊಕಿಗಳನ್ನೂ 1838-39ರಲ್ಲಿ ಬಲವಂತದಿಂದ ಹೊರಗಟ್ಟಲಾಯಿತು.

ಸ್ಯಾಂಡಸ್ಕಿಯಲ್ಲಿ ಲೇಖನಿ ಹಿಡಿದವರು ಇರಲಿಲ್ಲವೇ? ಇದ್ದರು. ವಯಾಂಡಾಟ್ ರಕ್ತಸಂಬಂಧದ ವಾಕರ್ ಮನೆತನದಲ್ಲಿ ಮಗ ವಿಲಿಯಂ ವಾಕರ್ ಒಳ್ಳೆಯ ಬರಹಗಾರ. 1853ರಲ್ಲಿ ನೆಬ್ರಾಸ್ಕ ಪ್ರದೇಶದ ತಾತ್ಕಾಲಿಕ ಗವರ್ನರ್ ಎಂದು ಆಯ್ಕೆಯಾದವನು. 1831ರಲ್ಲಿ ಪಶ್ಚಿಮದ ಭೂಮಿಯನ್ನು ನೋಡಿಬರಲು ಹೋದ ವಯಾಂಡಾಟ್ ನಿಯೋಗದ ಮುಂದಾಳಾಗಿ, ಅಲ್ಲಿಗೆ ಹೋಗುವುದು ಲೇಸಲ್ಲವೆಂದು ವರದಿ ಕೊಟ್ಟವನೂ ಅವನೇ. ಆ ವರದಿ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷಿನಲ್ಲೇ ಇರಬೇಕಾಗಿತ್ತು, ನೆಲವನ್ನು ಕೇಳುತ್ತಿದ್ದವನು ಓದುತ್ತಿದ್ದ ಭಾಷೆ ಅದು. ತಲೆಯ ಮೇಲೆ ಸ್ಥಳಾಂತರದ ಕತ್ತಿ ತೂಗುತ್ತಿರುವಾಗ ಇರುವ ಒಬ್ಬಿಬ್ಬರು ಬರಹಗಾರರು ತಮ್ಮ ಭಾಷೆಯ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸಲು ಕೂರುವುದಿಲ್ಲ, ಅರ್ಜಿ ಬರೆಯುತ್ತಾರೆ. ನಿಘಂಟಿಗೆ ಬೇಕಾದದ್ದು ಸೇವಾಭಾವಕ್ಕಿಂತ ಹೆಚ್ಚಾಗಿ ಪುರಸೊತ್ತು. ರೀವ್‌ನಿಂದ ಕಿಟೆಲ್‌ವರೆಗೆ, ಎಂದರೆ 1824ರಿಂದ 1894ರವರೆಗೆ, ಕನ್ನಡಕ್ಕೆ ಎಪ್ಪತ್ತು ವರ್ಷಗಳ ಪುರಸೊತ್ತು ದೊರೆಯಿತು. ವಸಾಹತುಶಾಹಿ ಇಲ್ಲಿ ಕಂದಾಯವನ್ನು ಬಯಸಿತು, ರೈತನಿಲ್ಲದ ಭೂಮಿಯನ್ನಲ್ಲ.

1842ರ ಮಾರ್ಚಿನಲ್ಲಿ ವಯಾಂಡಾಟರು ಕೊನೆಯ ಒಪ್ಪಂದಕ್ಕೆ ಸಹಿ ಹಾಕಿದರು. ಮರುತಿಂಗಳು ಆ ದಾರಿಯಾಗಿ ಹೋದ ಚಾರ್ಲ್ಸ್ ಡಿಕನ್ಸ್ ಸರ್ಕಾರದ ಪರವಾಗಿ ಮಾತುಕತೆ ನಡೆಸಿದ ಅಧಿಕಾರಿಯನ್ನು ಅಪ್ಪರ್ ಸ್ಯಾಂಡಸ್ಕಿಯಲ್ಲಿ ಭೇಟಿಯಾದದ್ದು ಅವನ ಅಮೆರಿಕ ಪ್ರವಾಸಕಥನದಲ್ಲಿ ಬರುತ್ತದೆ. ಒಹಾಯೊದಿಂದ ಹೊರಟ ಕೊನೆಯ ಬುಡಕಟ್ಟು ಇದು. ಕಾನ್ಸಸ್ ತಲುಪಿದ ಮೇಲೂ ಮೆಥಡಿಸ್ಟರ ಒಳಜಗಳ ಅವರನ್ನು ಬಿಡಲಿಲ್ಲ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಆ ಚರ್ಚು 1844ರಲ್ಲಿ ಒಡೆದು ಎರಡಾದಾಗ ವಯಾಂಡಾಟ್ ಸಭೆಯೂ ಸೀಳಿತು. ಅಲ್ಲಿಂದ ಒಂದು ಗುಂಪು ಇಂದಿನ ಒಕ್ಲಹಾಮಾಕ್ಕೆ ಹೋಯಿತು. ಇಪ್ಪತ್ತನೆಯ ಶತಮಾನ ಮುಗಿಯುವ ಮುನ್ನವೇ ಭಾಷೆಯನ್ನು ತಾಯ್ನುಡಿಯಾಗಿ ಆಡುವವರು ಇಲ್ಲವಾದರು. ಈಚಿನ ದಶಕಗಳಲ್ಲಿ ಒಕ್ಲಹಾಮಾದಲ್ಲೂ ಕ್ವಿಬೆಕ್‌ನ ವೆಂಡಾಟರಲ್ಲೂ ಅದನ್ನು ಮರಳಿ ಕಲಿಯುವ ಯತ್ನಗಳು ನಡೆದಿವೆ. ಪೋಟಿಯೆ, ಬಾರ್ಬೊ ಇವರ ಕಾಗದಗಳೇ ಅದಕ್ಕೂ ಆಧಾರ.

ಈ ಹಿನ್ನೆಲೆಯಲ್ಲಿ ಕನ್ನಡದ ಮಿಷನರಿ ಅಧ್ಯಯನಗಳು ತಮ್ಮ ಪ್ರಶ್ನೆಯನ್ನು ಬದಲಿಸಿಕೊಳ್ಳುವುದು ಅಗತ್ಯವೆನಿಸುತ್ತದೆ. ಮಿಷನರಿಗಳು ಕನ್ನಡಕ್ಕೆ ಏನು ಕೊಟ್ಟರು ಎಂಬ ಪ್ರಶ್ನೆಗೆ ಪಟ್ಟಿಗಳು ಸಾಕಷ್ಟು ಸಿದ್ಧವಾಗಿವೆ. ಮಿಷನರಿಗಳು ನಿಘಂಟು ಬರೆಯಲೇಬೇಕಾದ ಸ್ಥಿತಿಯನ್ನು ಕನ್ನಡದ ಯಾರು ಯಾರು ಸೇರಿ ನಿರ್ಮಿಸಿದರು ಎಂಬ ಪ್ರಶ್ನೆಗೆ ಅಂಥ ಪಟ್ಟಿ ಇಲ್ಲ. ‘ಮುನ್ಷಿಗಳ ನೆರವಿನಿಂದ’ ಎಂಬ ಒಂದು ಪದಪುಂಜದೊಳಗೆ ಎಷ್ಟು ಜನರ ಎಷ್ಟು ವರ್ಷಗಳ ಕೆಲಸ ಅಡಗಿದೆಯೆಂಬುದು ಲೆಕ್ಕಕ್ಕೆ ಬಂದಿಲ್ಲ. ಪಾಠ ಹೇಳಿದವರು, ಓಲೆಗರಿ ಓದಿ ಅರ್ಥ ಬಿಡಿಸಿದವರು, ಕರಡು ತಿದ್ದಿದವರು ಅವರು. ಅವರಲ್ಲಿ ಹೆಚ್ಚಿನವರು ಕ್ರೈಸ್ತರಾಗಲಿಲ್ಲ. ತಾವು ಒಪ್ಪದ ಮತದ ಪುಸ್ತಕಕ್ಕೆ ತಮ್ಮ ಭಾಷೆಯನ್ನು ಸಂಬಳಕ್ಕೆ ಒದಗಿಸಿದರು. ಆ ಕೊಠಡಿಗಳಲ್ಲೂ ಪಾಯಿಂಟರನ ಷರಾದಂಥದು ಏನಾದರೂ ನಡೆದಿರಲೇಬೇಕು. ಒಂದು ಶಬ್ದದ ಆಯ್ಕೆಯಲ್ಲಿ, ‘ದೇವರು’ ಎನ್ನಬೇಕೋ ‘ಕರ್ತ’ ಎನ್ನಬೇಕೋ ಎಂಬಂಥ ವಾದದಲ್ಲಿ, ಬೇಕೆಂದೇ ಬಳಸಿದ ಒಂದು ಸಂಸ್ಕೃತ ಪದದಲ್ಲಿ ಅದರ ಗುರುತುಗಳು ಸಿಗಬಹುದು. ಹಳೆಯ ಅನುವಾದಗಳ ಬೇರೆ ಬೇರೆ ಆವೃತ್ತಿಗಳನ್ನು ಪಾಠಾಂತರಗಳ ಶಿಸ್ತಿನಿಂದ ಹೋಲಿಸಿ ನೋಡುವ ಕೆಲಸ ಕನ್ನಡದ ಗ್ರಂಥಸಂಪಾದನಾ ಪರಂಪರೆಗೆ ಅಸಾಧ್ಯವಾದುದಲ್ಲ. ಪಂಪನ ಪಾಠಗಳಿಗೆ ತೋರಿಸಿದ ತಾಳ್ಮೆಯಲ್ಲಿ ಒಂದು ಪಾಲನ್ನು ಈ ಗದ್ಯಕ್ಕೂ ತೋರಿಸಬೇಕಷ್ಟೆ. ಮಿಷನ್ ವರದಿಗಳ ಇಂಗ್ಲಿಷನ್ನು ಮತ್ತೊಮ್ಮೆ ಕನ್ನಡಕ್ಕೆ ಸಂಗ್ರಹಿಸುವ ಪ್ರಬಂಧಗಳಿಗಿಂತ ಅದು ಫಲಕಾರಿ.

ವಯಾಂಡಾಟರು ಹೊರಟ ಮೇಲೆ ಸ್ಯಾಂಡಸ್ಕಿಯ ಚರ್ಚು ಹಾಳುಬಿದ್ದು 1889ರಲ್ಲಿ ಮತ್ತೆ ಜೀರ್ಣೋದ್ಧಾರಗೊಂಡಿತು. ಸ್ಟುವರ್ಟನ ಸಮಾಧಿ ಅದರ ಅಂಗಳದಲ್ಲಿದೆ. 2019ರ ಸೆಪ್ಟೆಂಬರ್ 21ರಂದು ಯುನೈಟೆಡ್ ಮೆಥಡಿಸ್ಟ್ ಚರ್ಚು ಆ ಕಟ್ಟಡವನ್ನೂ ಸ್ಮಶಾನವನ್ನೂ ಒಳಗೊಂಡ ಸುಮಾರು ಮೂರು ಎಕರೆ ಭೂಮಿಯನ್ನು ಒಕ್ಲಹಾಮಾದ ವಯಾಂಡಾಟ್ ನೇಷನ್ನಿಗೆ ಮರಳಿಸಿತು. ಪಾಯಿಂಟರ್ ಸಭೆಯೆದುರು ಸೇರಿಸುತ್ತಿದ್ದ ಷರಾ ಮಾತ್ರ ಮಿಷನ್ ಪುಸ್ತಕದ ಪುಟಗಳಲ್ಲಿ ಇಂದಿಗೂ ಇಂಗ್ಲಿಷಿನಲ್ಲೇ ಇದೆ.